ತೋಪಿನ ನೆರಳಲ್ಲಿ ಕುದುರೆ ಬಿಡಾರ

ಕುದುರೆಯೊಡನೆ ಊರು ಬಿಟ್ಟು ಕಾಡಿನಂಚಿನಲ್ಲಿ ರಾತ್ರಿ ಕಳೆಯಬೇಕಾದಾಗ ಜಾಗವನ್ನು ಆರಿಸುವುದು ಕುದುರೆಯ ಅಗತ್ಯ. ಡೇರೆಗೆ ನಾಲ್ಕು ಗೂಟ ಹೊಡೆಯುವಷ್ಟು ನೆಲ ಸಾಕು. ಕುದುರೆಗೆ ನೆರಳು ಬೇಕು, ಹತ್ತಿರದಲ್ಲಿ ನೀರು ಬೇಕು, ಹಗ್ಗ ಬಿಗಿಯಲು ಗಟ್ಟಿ ಮರ ಬೇಕು, ಗೊರಸು ಹೂತುಹೋಗದ ಒಣ ನೆಲ ಬೇಕು. ಇವೆಲ್ಲ ಒಂದೇ ಕಡೆ ಸಿಗುವ ಜಾಗ ಸೀಮೆಯಲ್ಲಿ ಎಷ್ಟಿದ್ದೀತು ಎಂದು ಕೇಳಿದರೆ, ಕರ್ನಾಟಕದ ಗಡಿಗೆ ತಾಗಿದ ಆಂಧ್ರದ ಮಡಕಶಿರಾ, ಅಗಳಿ, ಅಮರಾಪುರ ಕಡೆಯ ಹಿರಿಯರು ಹಳೆಯ ತೋಪುಗಳ ಹೆಸರು ಹೇಳಿಯಾರು.

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಇಂಥ ತಂಗುದಾಣಗಳನ್ನು ಸರಕಾರವೇ ನಡೆಸುತ್ತದೆ. ಅಲ್ಲಿ ಹ್ಯೂರಾನ್ ಸರೋವರದ ದಡದ ಆಸ್ಕೋಡಾದಿಂದ ಮಿಶಿಗನ್ ಸರೋವರದ ದಡದ ಎಂಪೈರ್‌ವರೆಗೆ ರಾಜ್ಯವನ್ನು ಅಡ್ಡಲಾಗಿ ಸೀಳುವ ಕುದುರೆ ದಾರಿಯೊಂದಿದೆ. 1960ರ ದಶಕದಲ್ಲಿ ರೂಪುಗೊಂಡ ಆ ದಾರಿಯುದ್ದಕ್ಕೂ ಹೆಚ್ಚುಕಡಿಮೆ ಒಂದು ದಿನದ ಸವಾರಿಗೆ ಒಂದರಂತೆ ಕಾಡಿನ ನಡುವೆ ಬಿಡಾರಗಳಿವೆ. ಕರೆಂಟಿಲ್ಲ, ನಲ್ಲಿಯಿಲ್ಲ, ಕೈಪಂಪು, ಗುಂಡಿ ಕಕ್ಕಸು, ಬೆಂಕಿಗೊಂದು ಕಬ್ಬಿಣದ ಬಳೆ, ಕುದುರೆ ಕಟ್ಟಲು ಕಂಬ. ಅದಕ್ಕಿಂತ ಹೆಚ್ಚಿನ ಸೌಕರ್ಯ ಬೇಡುವವರು ಅಲ್ಲಿಗೆ ಹೋಗುವುದಿಲ್ಲ.

ದಕ್ಷಿಣದ ಒಣಸೀಮೆಯಲ್ಲಿ ಈ ಕೆಲಸವನ್ನು ಗುಂಡುತೋಪುಗಳು ಮಾಡುತ್ತಿದ್ದವು. ಊರ ಹೊರಗೆ, ಸಾಮಾನ್ಯವಾಗಿ ಕೆರೆಯ ಆಸುಪಾಸಿನಲ್ಲಿ, ಮಾವು, ಹುಣಸೆ, ನೇರಳೆ, ಹೊಂಗೆ, ಇಪ್ಪೆ ನೆಟ್ಟು ಬೆಳೆಸಿದ ಸಾರ್ವಜನಿಕ ತೋಪು ಅದು. ಗಾಡಿ ಹೊಡೆಯುವವರು, ಸಂತೆಗೆ ಹೊರಟವರು, ಮಂದೆ ಕಾಯುವವರು ಅಲ್ಲಿ ಇಳಿದುಕೊಳ್ಳುತ್ತಿದ್ದರು. ಹುಣಸೆಯ ನೆರಳು ದಟ್ಟ, ಬುಡದಲ್ಲಿ ಗಿಡಗಂಟಿ ಕಡಿಮೆ, ಕೊಂಬೆ ಗಟ್ಟಿ. ಕುದುರೆಯ ಮಟ್ಟಿಗೆ ಇವು ಮೂರೂ ಗುಣಗಳೇ. ಹಿಂದೂಪುರದ ಹುಣಸೆ ಮಾರುಕಟ್ಟೆಗೆ ಹಣ್ಣು ಹೋಗುವ ಈ ಸೀಮೆಯಲ್ಲಿ ಹಳೆಯ ಹುಣಸೆ ಮರಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಗುಂಡುತೋಪುಗಳ ಪಾಡು ಹಾಗಲ್ಲ. ಒತ್ತುವರಿಯಾಗಿ, ನಿವೇಶನವಾಗಿ, ಶಾಲೆಯ ಕಟ್ಟಡವಾಗಿ ಹಲವು ಕಡೆ ಅವು ಕಂದಾಯ ದಾಖಲೆಯಲ್ಲಷ್ಟೇ ತೋಪುಗಳಾಗಿವೆ.

ಈ ಸೀಮೆಗೆ ಕುದುರೆ ಬಿಡಾರ ಹೊಸದೇನಲ್ಲ. ಪೂರ್ವಕ್ಕೆ ವಿಜಯನಗರದ ಅರಸರ ಎರಡನೆಯ ರಾಜಧಾನಿ ಪೆನುಕೊಂಡ. ಪಶ್ಚಿಮಕ್ಕೆ 1687ರ ನಂತರ ಮೊಘಲರ ಸುಬಾ ಕೇಂದ್ರವಾದ ಶಿರಾ. ಅಗಳಿಯಿಂದ ಶಿರಾ ಒಂದು ದಿನದ ಕುದುರೆ ದಾರಿಗಿಂತ ಕಡಿಮೆ. ಉತ್ತರದಲ್ಲಿ ರಾಯದುರ್ಗದ ಕೋಟೆ. ಇವುಗಳ ನಡುವಿನ ಬಯಲಿನಲ್ಲಿ ದಂಡು ಹಾಯದ ಕಾಲ ಅಪರೂಪ. ವಿಜಯನಗರದ ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಲೆಕ್ಕ ಉಬ್ಬಿಸಿದ್ದೇ ಆದರೂ ಕಡಲಾಚೆಯಿಂದ ಕುದುರೆ ತರಿಸುವ ಖರ್ಚು ಎಷ್ಟಿತ್ತೆಂಬುದಕ್ಕೆ ಅದು ಸಾಕ್ಷಿ. ಅಷ್ಟು ಬೆಲೆಯ ಪ್ರಾಣಿಯನ್ನು ದಂಡಿನ ದಾರಿಯಲ್ಲಿ ಬದುಕಿಸಿಕೊಳ್ಳುವ ಜಾಣ್ಮೆಗೂ ಆಗ ಅಷ್ಟೇ ಬೆಲೆಯಿದ್ದಿರಬೇಕು.

ತೋಪಿಗೂ ಕುದುರೆಗೂ ಇರುವ ನಂಟು ಇನ್ನೊಂದು ಕಾಲದಲ್ಲಿ ಎದ್ದು ಕಾಣುತ್ತದೆ. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಸೀಮೆ ಬ್ರಿಟಿಷರ ಕೈಗೆ ಬಂದಾಗ ಅದರ ಮೊದಲ ಪ್ರಧಾನ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. ಅನಂತಪುರವನ್ನು ನೆಲೆ ಮಾಡಿಕೊಂಡು 1807ರವರೆಗೆ ಇದ್ದ ಅವನು ವರ್ಷದ ಬಹುಭಾಗವನ್ನು ಕುದುರೆಯ ಮೇಲೂ ಡೇರೆಯಲ್ಲೂ ಕಳೆದ. ರೈತವಾರಿ ಪದ್ಧತಿಯಲ್ಲಿ ಕಂದಾಯ ನಿಗದಿ ಮಾಡಲು ಊರೂರು ತಿರುಗದೆ ಬೇರೆ ದಾರಿಯಿರಲಿಲ್ಲ. ಮುಂದೆ ಮದ್ರಾಸಿನ ಗವರ್ನರ್ ಆಗಿ ಇದೇ ಸೀಮೆಯ ಕಡೆಗೆ ಪ್ರವಾಸ ಬಂದಾಗ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. ಅಲ್ಲಿ ಅವನ ನೆನಪಿಗೆ ಮಾಡಿದ್ದು ಒಂದು ತೋಪು ನೆಡಿಸಿ ಬಾವಿ ತೋಡಿಸಿದ್ದು. ದಾರಿಹೋಕರಿಗೂ ಅವರ ಪ್ರಾಣಿಗಳಿಗೂ ನೆರಳು, ನೀರು ಸಿಗುವಂಥ ಸ್ಮಾರಕ; ಪ್ರತಿಮೆಗಿಂತ ಉಪಯೋಗದ್ದು.

ದಂಡು ಹೋಯಿತು, ಕಲೆಕ್ಟರರ ಡೇರೆ ಹೋಯಿತು. ಕುದುರೆಯೊಡನೆ ಬಯಲಲ್ಲಿ ಬಿಡಾರ ಮಾಡುವ ವಿದ್ಯೆಯನ್ನು ಇವತ್ತಿಗೂ ದಿನಬಳಕೆಯಲ್ಲಿ ಉಳಿಸಿಕೊಂಡವರು ಕುರಿಗಾಹಿಗಳು. ಬೆಳಗಾವಿ, ಬಾಗಲಕೋಟೆ ಕಡೆಯ ಸಂಚಾರಿ ಕುರುಬರು, ಗಡಿಯಾಚೆಯ ಧನಗರರು ಸಂಸಾರವನ್ನೇ ಕುದುರೆಯ ಬೆನ್ನಿಗೆ ಹೇರಿಕೊಂಡು ಮಂದೆಯ ಹಿಂದೆ ನಡೆಯುತ್ತಾರೆ. ಗುಡಾರದ ಬಟ್ಟೆ, ಗಳು, ಪಾತ್ರೆ, ಹಿಟ್ಟಿನ ಚೀಲ, ಕಂಬಳಿ, ಕಾಲು ಸೋತ ಮರಿ, ಕೋಳಿ, ಕೆಲವೊಮ್ಮೆ ಎಲ್ಲದರ ಮೇಲೆ ಒಂದು ಮಗು. ಭೀಮಾ ತೀರದ ಗಿಡ್ಡ, ಗಟ್ಟಿಮುಟ್ಟಾದ ಭೀಮಥಡಿ ಕುದುರೆಯನ್ನು ಇತ್ತೀಚೆಗೆ ಕರ್ನಾಲಿನ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಬ್ಯೂರೋ ಪ್ರತ್ಯೇಕ ತಳಿಯೆಂದು ನೋಂದಾಯಿಸಿದೆ. ಮರಾಠಾ ದಂಡಿನ ಕುದುರೆಯೆಂದು ಹೆಸರಾಗಿದ್ದ ಅದು ಈಗ ಉಳಿದಿರುವುದು ಬಹುಮಟ್ಟಿಗೆ ಕುರಿಗಾಹಿಗಳ ಹೇರುಕುದುರೆಯಾಗಿ.

ಕುರಿಗಾಹಿಗಳ ಬಿಡಾರಕ್ಕೆ ಒಂದು ಕ್ರಮವಿದೆ. ರೈತನ ಬಯಲು ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ತರುಬುತ್ತಾರೆ. ಮಂದೆ ನಡುವೆ, ಜನ ಸುತ್ತ, ನಾಯಿ ಹೊರಗೆ. ಕುದುರೆಗಳನ್ನು ಹೇರು ಇಳಿಸಿದ ಕೂಡಲೇ ಕಟ್ಟುವುದಿಲ್ಲ. ಮುಂಗಾಲೆರಡನ್ನೂ ಮೆತ್ತನೆಯ ಹಗ್ಗದಿಂದ ಗೇಣಗಲ ಬಿಟ್ಟು ಕಟ್ಟಿ ಮೇಯಲು ಬಿಡುತ್ತಾರೆ. ಸಣ್ಣ ಹೆಜ್ಜೆ ಹಾಕಿ ಮೇಯಬಲ್ಲದು, ಓಡಲಾರದು. ಅಭ್ಯಾಸವಿಲ್ಲದ ಕುದುರೆಗೆ ಇದನ್ನು ಮೊದಲ ಸಲ ಬಿಡಾರದಲ್ಲಿ ಕಲಿಸಲು ಹೋಗುವುದು ಹುಚ್ಚು ಕೆಲಸ. ಅದು ಗಾಬರಿಯಿಂದ ಎರಡೂ ಕಾಲೆತ್ತಿ ನೆಗೆದು ಮುಗ್ಗರಿಸುತ್ತದೆ. ಮನೆಯ ಅಂಗಳದಲ್ಲಿ ಹಲವು ದಿನ ರೂಢಿ ಮಾಡಿಸಿದ ಮೇಲಷ್ಟೇ ಹೊರಗೆ ಅದರ ಉಪಯೋಗ.

ಕಟ್ಟುವ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕಾದದ್ದು, ಯಾಕೆಂದರೆ ಕುದುರೆ ಬಿಡಾರದ ಅರ್ಧ ಅನಾಹುತಗಳು ಹಗ್ಗದಿಂದಲೇ ಹುಟ್ಟುತ್ತವೆ. ಮರದ ಬುಡಕ್ಕೆ ನೇರವಾಗಿ ಬಿಗಿಯುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕೆಟ್ಟದ್ದು. ನಿಂತು ಬೇಸರವಾದ ಕುದುರೆ ಗೊರಸಿನಿಂದ ನೆಲ ಕೆರೆಯುತ್ತದೆ. ಒಂದೇ ರಾತ್ರಿಯಲ್ಲಿ ಬೇರು ಹೊರಗೆ ಬರುತ್ತದೆ. ಹಲ್ಲು ತಾಗಿದರೆ ತೊಗಟೆ ಸುಲಿಯುತ್ತದೆ. ಸುತ್ತು ಹಾಕಿ ಹಾಕಿ ಹಗ್ಗ ಗಿಡ್ಡವಾಗಿ, ಬೆಳಗಾಗುವ ಹೊತ್ತಿಗೆ ಮೂತಿ ಮರಕ್ಕೆ ಅಂಟಿಕೊಂಡಿರುತ್ತದೆ. ಇದಕ್ಕಿಂತ ಮೇಲು, ಎರಡು ಮರಗಳ ನಡುವೆ ಕುದುರೆಯ ತಲೆಗಿಂತ ಎತ್ತರದಲ್ಲಿ, ಅಂದರೆ ಎರಡು ಮೀಟರಿಗೂ ಮೇಲೆ, ಒಂದು ದಪ್ಪ ಹಗ್ಗವನ್ನು ಬಿಗಿಯಾಗಿ ಎಳೆದು, ಅದರಿಂದ ಕುದುರೆಯ ಹಗ್ಗವನ್ನು ಇಳಿಬಿಡುವುದು. ಮರಕ್ಕೆ ಹಗ್ಗ ಕೊರೆಯದಂತೆ ನಾಲ್ಕು ಬೆರಳಗಲದ ಪಟ್ಟಿಯನ್ನೋ ಮಡಿಸಿದ ಗೋಣಿಯನ್ನೋ ಸುತ್ತಬೇಕು. ಇಳಿಬಿಟ್ಟ ಹಗ್ಗದ ಉದ್ದವೇ ಇಲ್ಲಿನ ಸೂಕ್ಷ್ಮ. ಮೂತಿ ನೆಲದ ಹುಲ್ಲಿಗೆ ಮುಟ್ಟಬೇಕು, ಕಾಲು ಹಗ್ಗವನ್ನು ದಾಟುವಂತಿರಬಾರದು. ಗಂಟು ಯಾವಾಗಲೂ ತುದಿ ಎಳೆದರೆ ಬಿಚ್ಚಿಕೊಳ್ಳುವಂಥದ್ದು. ಬೆದರಿ ಹಿಂದಕ್ಕೆ ಜಗ್ಗುವ ನಾನೂರು ಕಿಲೋ ಪ್ರಾಣಿಯ ಹಗ್ಗದಲ್ಲಿ ಸಾದಾ ಗಂಟು ಕಲ್ಲಾಗುತ್ತದೆ, ಆಮೇಲೆ ಅದಕ್ಕೆ ಕುಡುಗೋಲೇ ಗತಿ.

ಮರವಿಲ್ಲದ ಬಯಲಿನಲ್ಲಿ ರಾವುತರು ಬಳಸುತ್ತಿದ್ದದ್ದು ಅಗಾಡಿ, ಪಿಛಾಡಿ. ಮುಂದಿನ ಹಗ್ಗ ಮುಂದಿನ ಗೂಟಕ್ಕೆ, ಹಿಂಗಾಲಿನ ಹಗ್ಗ ಹಿಂದಿನ ಗೂಟಕ್ಕೆ. ಕುದುರೆ ಪಕ್ಕಕ್ಕೆ ತಿರುಗಲಾರದು, ನೆರೆಯ ಕುದುರೆಗೆ ಒದೆಯಲಾರದು. ನೂರಾರು ಕುದುರೆ ಸಾಲಾಗಿ ನಿಲ್ಲುವ ದಂಡಿಗೆ ಇದು ಅನಿವಾರ್ಯವಾಗಿತ್ತು. ಎರಡು ಮೂರು ಕುದುರೆಗಳ ಬಿಡಾರಕ್ಕೆ ಇಷ್ಟು ಬಿಗಿ ಬೇಡ. ಅವುಗಳ ನಡುವೆ ಮೂರು ನಾಲ್ಕು ಮೀಟರ್ ಅಂತರ ಬಿಟ್ಟು, ಜಗಳಗಂಟಿಯನ್ನು ತುದಿಗೆ ಕಟ್ಟಿದರೆ ಸಾಕು.

ಒಂಟಿ ಕುದುರೆಯೊಡನೆ ಹೋಗುವುದಕ್ಕಿಂತ ಎರಡರೊಡನೆ ಹೋಗುವುದು ಒಳ್ಳೆಯದು ಎನ್ನುವುದಕ್ಕೆ ನಿದ್ದೆಯೂ ಒಂದು ಕಾರಣ. ಕುದುರೆ ನಿಂತೇ ತೂಕಡಿಸಬಲ್ಲದು. ಕಾಲಿನ ಕೀಲುಗಳನ್ನು ಹೆಚ್ಚು ಶ್ರಮವಿಲ್ಲದೆ ನಿಲ್ಲಿಸಿಕೊಳ್ಳುವ ಸ್ನಾಯುರಜ್ಜು, ಮೂಳೆಗಳ ಏರ್ಪಾಡು ಅದಕ್ಕಿದೆ. ಆದರೆ ಗಾಢನಿದ್ದೆಯ ಒಂದು ಪಾಲಿಗೆ ಅದು ಮಲಗಲೇಬೇಕು. ಮಲಗಿದ ಕುದುರೆ ಓಡಿ ತಪ್ಪಿಸಿಕೊಳ್ಳಲಾರದು, ಹಾಗಾಗಿ ಗೊತ್ತಿಲ್ಲದ ನೆಲದಲ್ಲಿ ಕಾವಲಿಗೆ ಜೊತೆಗಾರನಿಲ್ಲದೆ ಮಲಗಲು ಅದಕ್ಕೆ ಧೈರ್ಯ ಬಾರದು. ಹಲವು ದಿನ ಮಲಗದ ಕುದುರೆ ದಾರಿಯಲ್ಲಿ ಮುಗ್ಗರಿಸತೊಡಗುತ್ತದೆ. ರಾತ್ರಿಯ ಮಬ್ಬಿನಲ್ಲಿ ಅದರ ಕಣ್ಣು ಮನುಷ್ಯರ ಕಣ್ಣಿಗಿಂತ ಚುರುಕು. ಬೆಳಕಿನಿಂದ ಕತ್ತಲಿಗೆ ಹೊಂದಿಕೊಳ್ಳಲು ಮಾತ್ರ ಹೊತ್ತು ಬೇಕು. ಮುಖಕ್ಕೆ ಟಾರ್ಚ್ ಹಾಯಿಸುವುದು ಅದಕ್ಕಾಗಿಯೇ ತಪ್ಪು. ಕಲ್ಲುಗುಡ್ಡಗಳ ಈ ಸೀಮೆಯಲ್ಲಿ ಚಿರತೆ, ಕರಡಿ ಎರಡೂ ಇವೆ. ಕುದುರೆ ಮೇಯುವುದನ್ನು ಥಟ್ಟನೆ ನಿಲ್ಲಿಸಿ, ಕಿವಿ ನಿಮಿರಿಸಿ ಒಂದೇ ದಿಕ್ಕು ನೋಡುತ್ತ ಮೂಗಿನಿಂದ ಉಸಿರು ಬುಸುಗುಟ್ಟಿಸಿದರೆ ಆ ದಿಕ್ಕಿನಲ್ಲಿ ಏನೋ ಇದೆ ಎಂದೇ ತಿಳಿಯಬೇಕು.

ನೀರಿನ ಲೆಕ್ಕ ದೊಡ್ಡದು. ದೊಡ್ಡ ಕುದುರೆಗೆ ತಂಪು ದಿನದಲ್ಲಿ 20ರಿಂದ 40 ಲೀಟರ್. ಬಿಸಿಲಿನಲ್ಲಿ ದುಡಿದ ದಿನ ಅದಕ್ಕಿಂತ ಬಹಳ ಹೆಚ್ಚು. ಎರಡು ಕುದುರೆಗೆ ಹೊತ್ತುಕೊಂಡು ಹೋಗುವ ಮಾತಲ್ಲ ಅದು. ಅನಂತಪುರ ಸೀಮೆ ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ಕೆರೆಗಳಲ್ಲಿ ನೀರು ನಿಂತಿರುವುದು ಸೆಪ್ಟೆಂಬರ್, ಅಕ್ಟೋಬರ್ ಮಳೆಯ ನಂತರ. ಮೇವೂ ಆಗಲೇ ಹಸಿರು. ಹಾಗಾಗಿ ನವೆಂಬರಿನಿಂದ ಫೆಬ್ರವರಿಯವರೆಗಿನದೇ ಕಾಲ. ಮಾರ್ಚ್ ಬಂತೆಂದರೆ ಕೊಳವೆಬಾವಿ ಇರುವ ರೈತನ ತೊಟ್ಟಿಯನ್ನು ನೆಚ್ಚಬೇಕು. ಅಗಳಿ ಕಡೆಯ ಅಡಿಕೆ ತೋಟದವರು ಒಂದು ತೊಟ್ಟಿ ನೀರಿಗೆ ಬೇಡವೆನ್ನುವವರಲ್ಲ, ಆದರೆ ತೋಟದೊಳಕ್ಕೆ ಕುದುರೆ ಬಿಡಲು ಯಾರೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಬೆವರಿದ ಕುದುರೆಗೆ ನೀರು ತೋರಿಸಬಾರದೆಂಬ ನಂಬಿಕೆ ಹಳೆಯದು. ಬಿಸಿಲಲ್ಲಿ ದಣಿದದ್ದಕ್ಕೆ ನೀರು ತಡೆಯುವುದರಿಂದಲೇ ಕೆಡುಕು ಹೆಚ್ಚು ಎಂಬುದು ಈಗಿನ ತಿಳಿವಳಿಕೆ. ಆಗಾಗ ಕುಡಿಸಿ, ಮೈಮೇಲೆ ನೀರು ಹೊಯ್ದು, ನಿಧಾನ ನಡೆಸಬೇಕು. ಕಾಳು ತಿನ್ನಿಸುವುದಕ್ಕೆ ಮೊದಲು ನೀರು, ಆಮೇಲೆ ಕಾಳು ಎಂಬ ಹಳೆಯ ಕ್ರಮ ಮಾತ್ರ ಇಂದಿಗೂ ಒಳ್ಳೆಯದೇ.

ಮೇವಿನಲ್ಲಿ ಎಡವುವವರು ದನ ಸಾಕಿ ಗೊತ್ತಿರುವವರೇ. ದನಕ್ಕೆ ನಾಲ್ಕು ಕೋಣೆಯ ಹೊಟ್ಟೆ, ಮೆಲುಕು ಹಾಕುವ ಸೌಲಭ್ಯ. ಕುದುರೆಯ ಹೊಟ್ಟೆ ಒಂದೇ, ಅದರ ಮೈಗೆ ಹೋಲಿಸಿದರೆ ತೀರ ಸಣ್ಣದು. ನಾರು ಅರಗುವುದು ಹಿಂದಿನ ದೊಡ್ಡ ಕರುಳಿನಲ್ಲಿ. ಅದು ವಾಂತಿ ಮಾಡಲಾರದು. ತಿಂದದ್ದು ಒಗ್ಗದಿದ್ದರೆ ಹೊಟ್ಟೆನೋವಿನಿಂದ ನೆಲಕ್ಕೆ ಬಿದ್ದು ಹೊರಳುತ್ತದೆ, ಕೆಲವೊಮ್ಮೆ ಸಾಯುತ್ತದೆ. ತಾನಾಗಿ ಬಿಟ್ಟರೆ ದಿನದಲ್ಲಿ ಹದಿನಾಲ್ಕು, ಹದಿನಾರು ಗಂಟೆ ಮೇಯುವ ಪ್ರಾಣಿ ಅದು. ಎರಡು ಹೊತ್ತು ತುಂಬ ಹಾಕಿ ಕೈ ತೊಳೆದುಕೊಳ್ಳುವಂತಿಲ್ಲ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಹಾಕಬೇಕು. ಒಟ್ಟು ಒಣ ಮೇವು ದಿನಕ್ಕೆ ಮೈತೂಕದ ನೂರರಲ್ಲಿ ಒಂದೂವರೆಯಿಂದ ಎರಡೂವರೆ ಪಾಲು. ಇನ್ನೂರೈವತ್ತು ಕಿಲೋದ ತಟ್ಟುವಿಗೆ ನಾಲ್ಕರಿಂದ ಆರು ಕಿಲೋ. ಬಿಡಾರದಲ್ಲಿ ಹಾಕುವ ಮೇವನ್ನು ಹೊರಡುವ ವಾರ ಮೊದಲೇ ಮನೆಯಲ್ಲಿ ರೂಢಿ ಮಾಡಿಸಿರಬೇಕು.

ಕಾಳಿನಲ್ಲಿ ಈ ಸೀಮೆಯ ಕೊಡುಗೆ ಹುರುಳಿ. ಬೇರೇನೂ ಬೆಳೆಯದ ಬರಡು ಕೆಂಪು ನೆಲದಲ್ಲೂ ಬರುವ ಹುರುಳಿಯನ್ನು ಬೇಯಿಸಿ ತಣಿಸಿ, ತೌಡು ಬೆರೆಸಿ, ತೋಬರದಲ್ಲಿ ಹಾಕಿ ಕುದುರೆಯ ಮೂತಿಗೆ ಕಟ್ಟುವುದು ದಕ್ಷಿಣದ ಲಾಯಗಳ ಹಳೆಯ ಪದ್ಧತಿ. ಹಸಿ ಹುರುಳಿ ಗಟ್ಟಿ, ಅರಗುವುದು ಕಷ್ಟ. ಬೇಯಿಸಿದರೆ ಎರಡೂ ದೋಷ ಇಳಿಯುತ್ತವೆ. ದಿನಕ್ಕೆ ಒಂದೆರಡು ಕಿಲೋ ಹುರುಳಿ, 30 ಗ್ರಾಂನಷ್ಟು ಉಪ್ಪು ಸೇರಿದರೆ ದುಡಿಯುವ ತಟ್ಟುವಿಗೆ ಸಾಕು. ಕಡಲೆಬಳ್ಳಿ ಇಲ್ಲಿ ಬೇಕಾದಷ್ಟು ಸಿಗುತ್ತದೆ, ಕುದುರೆಗೆ ರುಚಿಯೂ ಹೌದು. ಆದರೆ ಮಳೆಗೆ ನೆನೆದು ಬೂಸಲು ಹಿಡಿದ ಬಳ್ಳಿಯನ್ನು ದನ ತಾಳಿಕೊಂಡೀತು, ಕುದುರೆ ತಾಳದು. ಅದರ ದೂಳೂ ಶ್ವಾಸಕ್ಕೆ ಕೆಟ್ಟದ್ದು; ಕೊಡವಿ, ನೀರು ಚಿಮುಕಿಸಿ ಹಾಕಬೇಕು. ಜೋಳದ ಎಳೆ ಪೈರಿಗೆ ಬಾಯಿ ಹಾಕಲು ಬಿಡಬಾರದು. ಹೊಲದ ಅಂಚಿನ ಔಡಲದ ಬೀಜ, ಗುಡಿಯ ಮುಂದಿನ ಕಣಗಿಲೆ, ಬೇಲಿಯ ಲಂಟಾನ, ಮೂರೂ ವಿಷ. ಇವುಗಳಲ್ಲಿ ಕಣಗಿಲೆ ಎಲ್ಲಕ್ಕಿಂತ ಭಯಂಕರ. ಕೆಲವೇ ಎಲೆಗಳು ಹೃದಯವನ್ನು ನಿಲ್ಲಿಸಬಲ್ಲವು. ಬಳ್ಳಾರಿ ಜಾಲಿಯ ಕಾಯನ್ನು ಕುದುರೆ ಆಸೆಯಿಂದ ತಿನ್ನುತ್ತದೆ, ಹೆಚ್ಚಾದರೆ ಕರುಳಲ್ಲಿ ಕಟ್ಟಿಕೊಳ್ಳುತ್ತದೆ. ಅದರ ಮುಳ್ಳಂತೂ ಗೊರಸಿನ ಮೆತ್ತನೆಯ ಭಾಗಕ್ಕೆ ಸೀದಾ ಇಳಿಯುತ್ತದೆ. ಜಾಲಿ ಪೊದೆಯ ಬಳಿ ಬಿಡಾರ ಬೇಡವೆನ್ನುವುದು ಅದಕ್ಕೇ.

ನಡಿಗೆ, ಹೇರಿನ ವಿಷಯದಲ್ಲಿ ಕಾನೂನೇ ಅಳತೆ ಕೊಟ್ಟಿದೆ. ಎಳೆಯುವ, ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯಲು 1965ರಲ್ಲಿ ಬಂದ ನಿಯಮಗಳ ಪ್ರಕಾರ ತಟ್ಟುವಿನ ಹೇರು 70 ಕಿಲೋ ಮೀರಬಾರದು. ಕತ್ತೆಗೆ 50, ಹೇಸರಗತ್ತೆಗೆ 200. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು. ಉಷ್ಣತೆ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ದುಡಿಸಲೇಬಾರದು. ಕುರಿಗಾಹಿಗಳು ಈ ನಿಯಮ ಓದಿದವರಲ್ಲ, ಆದರೂ ಅವರ ದಿನಚರಿ ಇದಕ್ಕಿಂತ ಹೆಚ್ಚು ಬೇರೆಯಲ್ಲ: ನಸುಕಿನಲ್ಲಿ ಹೊರಡು, ಬಿಸಿಲೇರಿದಾಗ ಮರದಡಿ ನಿಲ್ಲು. ಎಡ, ಬಲದ ಹೇರಿನ ತೂಕ ಸಮನಾಗಿರಬೇಕು. ಒಂದು ಕಡೆ ಎರಡು ಕಿಲೋ ಹೆಚ್ಚಾದರೂ ಜೀನು ಜಾರಿ ಬೆನ್ನಿನ ಚರ್ಮ ಉಜ್ಜಿ ಹುಣ್ಣಾಗುತ್ತದೆ. ಹೇರು ಇಳಿಸಿದ ಕೂಡಲೇ ಬೆನ್ನನ್ನು ಅಂಗೈಯಿಂದ ಸವರಿ ನೋಡಬೇಕು. ಒಂದೆಡೆ ಬಿಸಿ ತಾಗಿದರೆ, ಕುದುರೆ ಚರ್ಮ ಅದುರಿಸಿದರೆ, ಹುಣ್ಣು ಹೊರಟಿದೆ ಎಂದರ್ಥ. ಆಮೇಲೆ ನಾಲ್ಕೂ ಗೊರಸು ಎತ್ತಿ ಕಲ್ಲು ಕೆದಕಿ ತೆಗೆಯುವುದು. ಎತ್ತಿಗೆ ಲಾಳ ಕಟ್ಟುವವರೇ ವಿರಳವಾಗುತ್ತಿರುವ ಕಾಲದಲ್ಲಿ ಕುದುರೆಯ ಲಾಳ ದಾರಿಯಲ್ಲಿ ಕಳಚಿದರೆ ಕಟ್ಟಿಸುವುದು ಕಷ್ಟ, ಅದನ್ನು ಹೊರಡುವ ಮೊದಲೇ ನೋಡಿಕೊಳ್ಳಬೇಕು.

ಕುದುರೆಯ ಆರೈಕೆಯ ಬಗ್ಗೆ ಸುಮಾರು 1400ರ ಹೊತ್ತಿಗೇ ಅಭಿನವಚಂದ್ರ ಕನ್ನಡದಲ್ಲಿ ಶಾಸ್ತ್ರಗ್ರಂಥ ರಚಿಸಿದ್ದ. ಈಗ ಬಿಡಾರಕ್ಕೆ ಹೊರಡುವವರು ಮುಖ್ಯವಾಗಿ ಮೂರು ರೋಗ ನೆನಪಿಡಬೇಕು. ಗಾಯದಿಂದ ಬರುವ ಧನುರ್ವಾಯು ಕುದುರೆಗೆ ತಗಲುವಷ್ಟು ಸುಲಭವಾಗಿ ಬೇರೆ ಸಾಕುಪ್ರಾಣಿಗಳಿಗೆ ತಗಲದು, ಲಸಿಕೆ ಹಾಕಿಸಿರಬೇಕು. ಸರ್ರಾ ರೋಗವನ್ನು ಮಳೆಗಾಲದ ನಂತರ ಕೆರೆಯಂಚಿನಲ್ಲಿ ಹೆಚ್ಚುವ ರಕ್ತ ಹೀರುವ ದೊಡ್ಡ ನೊಣಗಳು ಹರಡುತ್ತವೆ. ನೀರಿಗೆ ಹತ್ತಿರವಿರಬೇಕು, ನೀರಿನ ಅಂಚಿನಲ್ಲೇ ಇರಬಾರದು ಎಂಬುದಕ್ಕೆ ಇದೂ ಒಂದು ಕಾರಣ. ಮೂರನೆಯದು ಗ್ಲ್ಯಾಂಡರ್ಸ್. ಮನುಷ್ಯರಿಗೂ ಅಂಟುವ ಈ ಸೋಂಕು ಖಚಿತವಾದರೆ ಕುದುರೆಯನ್ನು ದಯಾಮರಣಕ್ಕೆ ಒಳಪಡಿಸಬೇಕಾಗುತ್ತದೆ. ಇದರ ರಕ್ತಪರೀಕ್ಷೆಯ ರಾಷ್ಟ್ರೀಯ ಕೇಂದ್ರ ಹರಿಯಾಣದ ಹಿಸಾರಿನಲ್ಲಿದೆ. 2009ರ ಪ್ರಾಣಿ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯಿದೆಯಡಿ ಸೋಂಕು ಕಂಡ ಪ್ರದೇಶದಲ್ಲಿ ಕುದುರೆಗಳ ಓಡಾಟವನ್ನೇ ನಿಲ್ಲಿಸಬಹುದು. ಅಮೆರಿಕದಲ್ಲಿ ಇದೇ ಬಗೆಯಲ್ಲಿ, ಕುದುರೆಗಳ ಇನ್ನೊಂದು ರೋಗವಾದ ಸಾಂಕ್ರಾಮಿಕ ರಕ್ತಹೀನತೆಗಾಗಿ ಮಾಡಿಸುವ ಕಾಗಿನ್ಸ್ ಪರೀಕ್ಷೆಯ ಪತ್ರವಿಲ್ಲದೆ ಅನೇಕ ಬಿಡಾರಗಳೊಳಕ್ಕೆ ಬಿಡುವುದಿಲ್ಲ.

ಅಗಳಿಯಂಥ ಕಡೆ ಕಾಗದಪತ್ರದ ಮಾತು ಇನ್ನೂ ಸ್ವಲ್ಪ ಗೋಜಲು. ಮಡಕಶಿರಾ ಸೀಮೆ ಕರ್ನಾಟಕದೊಳಕ್ಕೆ ಚಾಚಿಕೊಂಡಿದೆ. 2022ರ ಏಪ್ರಿಲ್‌ನಿಂದ ಅದು ಅನಂತಪುರದಿಂದ ಬೇರೆಯಾಗಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ರಾಯದುರ್ಗ ಅನಂತಪುರದಲ್ಲೇ ಉಳಿದಿದೆ. ಒಂದು ದಿನದ ಸವಾರಿಯಲ್ಲಿ ಮಾತು ಬದಲಾಗದೆ ರಾಜ್ಯ ಬದಲಾಗುತ್ತದೆ. ಈಚೆ ಕಡೆ ಆಂಧ್ರದ 1967ರ ಅರಣ್ಯ ಕಾಯಿದೆ, ಆಚೆ ಕಡೆ ಕರ್ನಾಟಕದ 1963ರ ಕಾಯಿದೆ. ಎರಡರಲ್ಲೂ ಮೀಸಲು ಅರಣ್ಯದೊಳಗೆ ಅಪ್ಪಣೆಯಿಲ್ಲದೆ ಪ್ರವೇಶ, ಮೇಯಿಸುವುದು, ಬೆಂಕಿ ಹಚ್ಚುವುದು ಅಪರಾಧ. ಬಿಡಾರಕ್ಕೆ ಮೀಸಲು ಅರಣ್ಯದ ಗಡಿಕಲ್ಲಿನ ಹೊರಗಿನ ಪಂಚಾಯಿತಿ ತೋಪನ್ನೋ ಖಾಸಗಿ ಹುಣಸೆ ತೋಪನ್ನೋ ಕೇಳಿಕೊಂಡು ಇಳಿಯುವುದೇ ಲೇಸು. ಹುಣಸೆ ಬಡಿಯುವ ಕಾಲವಾದರೆ ತೋಪು ಗುತ್ತಿಗೆ ಹಿಡಿದವರನ್ನೂ ಕೇಳಬೇಕು.

ಬಿಡಾರ ಎತ್ತುವಾಗಿನ ಕೆಲಸ ಹೆಚ್ಚಿಲ್ಲ. ಕೆರೆದ ಗುಂಡಿ ಮುಚ್ಚುವುದು, ಬೂದಿಗೆ ನೀರು ಹೊಯ್ದು ಕೈಯಿಟ್ಟು ತಣ್ಣಗಾಗಿದೆಯೇ ನೋಡುವುದು, ಹಗ್ಗದ ಗುರುತು ಉಳಿಯದಂತೆ ಮರದ ಪಟ್ಟಿ ಬಿಚ್ಚುವುದು. ಒಂದು ದೊಡ್ಡ ಕುದುರೆ ದಿನಕ್ಕೆ ಹಾಕುವ ಲದ್ದಿ ಹದಿನೈದು ಇಪ್ಪತ್ತು ಕಿಲೋ. ಅಮೆರಿಕದ ಬಿಡಾರಗಳಲ್ಲಿ ಅದನ್ನು ಗುಡಿಸಿ ನಿಗದಿತ ಗುಂಡಿಗೆ ಹಾಕಬೇಕು, ಇಲ್ಲವೆ ಚೆಲ್ಲಾಡಿ ಒಣಗಿಸಬೇಕು. ಲದ್ದಿಯೊಡನೆ ಕಳೆಬೀಜ ಕಾಡು ಸೇರುತ್ತದೆಂದು ಅಲ್ಲಿನ ಎಷ್ಟೋ ಸರಕಾರಿ ಕಾಡುಗಳಲ್ಲಿ ಕಳೆಯಿಲ್ಲದ್ದೆಂದು ಪ್ರಮಾಣಿತವಾದ ಹುಲ್ಲನ್ನಷ್ಟೇ ಒಯ್ಯಬೇಕೆಂಬ ನಿಯಮವಿದೆ. ಇಲ್ಲಿ ಅದಕ್ಕೆ ಸಮನಾದ ಎಚ್ಚರ, ಪಾರ್ಥೇನಿಯಂ ಬೆರೆತ ಹುಲ್ಲನ್ನು ಹೊಸ ಜಾಗಕ್ಕೆ ಒಯ್ಯದಿರುವುದು. ಲದ್ದಿಯನ್ನು ಒಂದೆಡೆ ರಾಶಿ ಹಾಕಿ ತೋಪಿನವರಿಗೆ ಹೇಳಿ ಹೊರಟರೆ ಸಾಕು, ತಿಪ್ಪೆಗೆ ಹೊತ್ತುಕೊಂಡು ಹೋಗಲು ಜನ ಸಿಗುತ್ತಾರೆ.